ಆದರೆ, ಹಾಗಾಗಿ, ಅಂದಹಾಗೆ: ವಾಕ್ಯಕ್ಕೆ ವಾಕ್ಯ ಬೆಸೆಯುವುದು ಹೇಗೆ?

ಈ ಎರಡು ವಾಕ್ಯ ಓದಿ ನೋಡಿ.

ಅವಳಿಗೆ ಜ್ವರ ಬಂದಿತ್ತು. ಅವಳು ಪರೀಕ್ಷೆ ಬರೆದಳು.

ಈಗ ನಡುವೆ ‘ಆದರೂ’ ಸೇರಿಸಿ. ಅವಳು ಗಟ್ಟಿಗಿತ್ತಿ ಅನಿಸುತ್ತಾಳೆ. ಅದನ್ನು ತೆಗೆದು ‘ಆಮೇಲೆ’ ಹಾಕಿ. ಜ್ವರಕ್ಕೂ ಪರೀಕ್ಷೆಗೂ ನಂಟಿಲ್ಲ, ಒಂದಾದ ಮೇಲೆ ಇನ್ನೊಂದು ನಡೆಯಿತು ಅಷ್ಟೇ. ‘ಹಾಗಾಗಿ’ ಹಾಕಿದರೋ, ಓದುವವರು ತಲೆ ಕೆರೆದುಕೊಳ್ಳುತ್ತಾರೆ. ಜ್ವರ ಬಂತು ಅಂತ ಯಾರಾದರೂ ಪರೀಕ್ಷೆ ಬರೆಯುತ್ತಾರಾ?

ವಾಕ್ಯಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ನಡುವಿನ ಪದ ಬದಲಾಯಿತು, ಕಥೆಯೇ ಬದಲಾಯಿತು. ಇಂಥ ಪದಗಳನ್ನು ಇಲ್ಲಿ ‘ಕೊಂಡಿ ಪದ’ ಎಂದು ಕರೆಯುತ್ತೇನೆ. ವ್ಯಾಕರಣದಲ್ಲಿ ಇವು ಅವ್ಯಯದ ಗುಂಪಿಗೆ ಸೇರುತ್ತವೆ. ಅವ್ಯಯ ಅಂದರೆ ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ರೂಪ ಬದಲಿಸದ ಪದ. 13ನೇ ಶತಮಾನದಲ್ಲಿ ಕೇಶಿರಾಜ ಬರೆದ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲೂ ಅವ್ಯಯಕ್ಕೆಂದೇ ಒಂದು ಪ್ರಕರಣವಿದೆ. ಈ ಹೆಸರುಗಳು ನೆನಪಿನಲ್ಲಿ ಉಳಿಯದಿದ್ದರೂ ಪರವಾಗಿಲ್ಲ. ಪದ ಮಾಡುವ ಕೆಲಸ ಗೊತ್ತಿದ್ದರೆ ಸಾಕು.

ಆ ಕೆಲಸದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಂಡಿ ಪದ ಸಂಬಂಧವನ್ನು ಹುಟ್ಟಿಸುವುದಿಲ್ಲ. ಎರಡು ವಾಕ್ಯಗಳ ನಡುವೆ ಆಗಲೇ ಇರುವ ಸಂಬಂಧವನ್ನು ಎತ್ತಿ ತೋರಿಸುತ್ತದೆ. ಸಂಬಂಧವೇ ಇಲ್ಲದ ಕಡೆ ‘ಹೀಗಾಗಿ’ ಎಂದು ಬರೆಯುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಪ್ರತಿ ವಾಕ್ಯದ ತಲೆಯ ಮೇಲೆ ಒಂದೊಂದನ್ನು ಕೂರಿಸಿದರೆ ಬರಹ ಸರಾಗವಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಒಮ್ಮೆ ಗೆಳೆಯನೊಬ್ಬ ನನ್ನ ಎರಡು ಪುಟದ ಲೇಖನ ಓದಿ, ಏನೂ ಹೇಳದೆ, ಅದರಲ್ಲಿದ್ದ ‘ಆದರೆ’ಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟ. ಹನ್ನೊಂದು ಸುತ್ತುಗಳು. ಹನ್ನೊಂದು ಸಲ ಮಾತು ತಿರುಗಿಸಿದರೆ ಓದುವವರಿಗೆ ತಲೆ ಸುತ್ತದೆ ಇರುತ್ತದಾ?

ಮೊದಲ ಹೆಜ್ಜೆ: ಕೊಂಡಿಯ ಯೋಚನೆ ಬಿಟ್ಟು ಬರೆಯಿರಿ

ಮೊದಲ ಕರಡಿನಲ್ಲಿ ಕೊಂಡಿ ಪದಗಳಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಕೈಗೆ ಬಂದದ್ದು ಬರಲಿ. ‘ಮತ್ತು’ ಜಾಸ್ತಿಯಾದರೆ ಆಗಲಿ. ಬರೆಯುವಾಗಲೇ ‘ಇಲ್ಲಿ ಆದ್ದರಿಂದ ಸರಿಯಾ, ಹಾಗಾಗಿ ಸರಿಯಾ’ ಎಂದು ನಿಂತರೆ, ಹೇಳಬೇಕಾದ ವಿಷಯ ಅಷ್ಟರಲ್ಲಿ ಮರೆತುಹೋಗಿರುತ್ತದೆ. ಕೊಂಡಿ ಹಾಕುವುದು, ಕಳಚುವುದು ಎರಡೂ ತಿದ್ದುವ ಹಂತದ ಕೆಲಸ.

ಎರಡನೇ ಹೆಜ್ಜೆ: ಓದುವವರ ಪ್ರಶ್ನೆ ಕೇಳಿಸಿಕೊಳ್ಳಿ

ಎದುರಿಗೆ ಕೂತು ಮಾತಾಡುವಾಗ ಕೇಳುವವರು ಸುಮ್ಮನೆ ಇರುವುದಿಲ್ಲ. ‘ಯಾಕೆ?’ ಅಂತಾರೆ. ‘ಆಮೇಲೆ?’ ಅಂತಾರೆ. ‘ಅಂದ್ರೆ?’ ಎಂದು ಹುಬ್ಬು ಗಂಟು ಹಾಕುತ್ತಾರೆ. ನಾವು ಆ ಪ್ರಶ್ನೆ ಹಿಡಿದುಕೊಂಡೇ ಮುಂದಿನ ಮಾತು ಆಡುತ್ತೇವೆ. ಅದಕ್ಕೇ ಮಾತಿನಲ್ಲಿ ಸರಾಗ ತಾನಾಗಿ ಬರುತ್ತದೆ. ಬರೆಯುವಾಗ ಎದುರಿಗೆ ಯಾರೂ ಇಲ್ಲ, ಹಾಗಾಗಿ ಆ ಪ್ರಶ್ನೆಗಳನ್ನು ನಾವೇ ಊಹಿಸಬೇಕು.

ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಿಮ್ಮ ಕರಡಿನ ಪ್ರತಿ ಪೂರ್ಣವಿರಾಮದ ಪಕ್ಕದಲ್ಲಿ, ಅಲ್ಲಿಗೆ ಬಂದು ನಿಂತ ಓದುಗರು ಏನು ಕೇಳಬಹುದು ಎಂದು ಒಂದೇ ಪದದಲ್ಲಿ ಬರೆಯಿರಿ. ಮುಂದಿನ ವಾಕ್ಯ ಅದಕ್ಕೆ ಉತ್ತರ ಕೊಡುತ್ತದೆಯೇ ನೋಡಿ. ಕೊಟ್ಟರೆ ಸಂಬಂಧ ಇದೆ, ಯಾವ ಕೊಂಡಿ ಬೇಕು ಎಂಬುದೂ ಗೊತ್ತಾಗುತ್ತದೆ. ಕೊಡದಿದ್ದರೆ ಕೊಂಡಿ ಪದ ಹುಡುಕಬೇಡಿ. ವಾಕ್ಯವೇ ತಪ್ಪಾದ ಜಾಗದಲ್ಲಿದೆ. ಅದನ್ನು ಎತ್ತಿ ಬೇರೆ ಕಡೆ ಇಡಿ, ಅಥವಾ ನಡುವೆ ಬಿಟ್ಟುಹೋದ ಮಾತನ್ನು ಬರೆಯಿರಿ. ತಡವರಿಸುವ ಬರಹಗಳಲ್ಲಿ ಅರ್ಧಕ್ಕರ್ಧ ತೊಂದರೆ ಇಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ. ಪದ ಸಾಲದೆ ಬಂದ ತೊಂದರೆ ಅಲ್ಲ, ವಾಕ್ಯಗಳ ಸಾಲು ತಪ್ಪಿ ಬಂದ ತೊಂದರೆ.

ಕನ್ನಡದ ಕೊಂಡಿ ಪದಗಳಲ್ಲಿ ಕೆಲವು ಓದುಗರ ಪ್ರಶ್ನೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿವೆ. ‘ಏಕೆಂದರೆ’ ಬಿಡಿಸಿ ನೋಡಿ. ‘ಏಕೆ ಎಂದರೆ’. ನೀವು ಏಕೆ ಎಂದು ಕೇಳುವುದಾದರೆ ಅಂತ. ‘ಹೇಗೆಂದರೆ’, ‘ಏನೆಂದರೆ’ ಕೂಡ ಅದೇ ಜಾತಿ. ಹಾಗಾಗಿ ಓದುಗರು ‘ಏಕೆ’ ಎಂದು ಕೇಳುವ ಜಾಗದಲ್ಲೇ ‘ಏಕೆಂದರೆ’ ಕೂರುತ್ತದೆ. ‘ನಾನು ಬೆಳಿಗ್ಗೆ ಹಲ್ಲುಜ್ಜಿದೆ’ ಎಂದರೆ ಯಾರೂ ಏಕೆ ಎಂದು ಕೇಳುವುದಿಲ್ಲ. ‘ನಾನು ಹತ್ತು ವರ್ಷದಿಂದ ಫೋಟೊ ತೆಗೆಸಿಕೊಂಡಿಲ್ಲ’ ಎಂದರೆ ಎಲ್ಲರೂ ಕೇಳುತ್ತಾರೆ.

ಮೂರನೇ ಹೆಜ್ಜೆ: ಪದ ಹುಡುಕುವ ಮೊದಲು ಕ್ರಿಯಾಪದದ ಬಾಲ ನೋಡಿ

ಕನ್ನಡದಲ್ಲಿ ಬರೆಯುವವರು ಮರೆಯಬಾರದ ವಿಷಯ ಇದು. ನಮ್ಮ ಭಾಷೆಯಲ್ಲಿ ಕೊಂಡಿ ಹಾಕುವ ಕೆಲಸವನ್ನು ಬಹಳ ಮಟ್ಟಿಗೆ ಕ್ರಿಯಾಪದವೇ ಮಾಡಿಬಿಡುತ್ತದೆ. ‘ಬರು’ ಎಂಬ ಒಂದೇ ಕ್ರಿಯಾಪದ ತೆಗೆದುಕೊಳ್ಳಿ. ಬಂದು, ಬಂದರೆ, ಬಂದರೂ, ಬಂದಾಗ, ಬಂದಮೇಲೆ, ಬರುತ್ತಾ, ಬರದೆ, ಬರುವಷ್ಟರಲ್ಲಿ, ಬಂದದ್ದರಿಂದ, ಬಂದಂತೆ, ಬರಲೆಂದು. ಹತ್ತಕ್ಕೂ ಹೆಚ್ಚು ಕೊಂಡಿಗಳು ಒಂದೇ ಪದದ ಬಾಲಕ್ಕೆ ಅಂಟಿಕೊಂಡಿವೆ.

ಮಳೆ ಬಂತು. ಆದರೂ ಆಟ ನಡೆಯಿತು.
ಮಳೆ ಬಂದರೂ ಆಟ ನಡೆಯಿತು.

ಮಳೆ ಬರಬಹುದು. ಹಾಗಾದರೆ ಆಟ ನಿಲ್ಲುತ್ತದೆ.
ಮಳೆ ಬಂದರೆ ಆಟ ನಿಲ್ಲುತ್ತದೆ.

ಎರಡೂ ಜೋಡಿಗಳಲ್ಲಿ ಎರಡನೆಯದು ಚಿಕ್ಕದು, ಕಿವಿಗೂ ಹಿತ. ಮೊದಲನೆಯದು ತಪ್ಪು ಎಂದಲ್ಲ. ‘ಆದರೂ’ ಎಂಬಲ್ಲಿ ಒತ್ತು ಬೇಕಿದ್ದರೆ, ಓದುಗರು ಅಲ್ಲಿ ಒಂದು ಕ್ಷಣ ನಿಲ್ಲಲಿ ಎಂದಿದ್ದರೆ, ಎರಡು ವಾಕ್ಯ ಮಾಡುವುದೇ ಸರಿ. ಆ ಒತ್ತು ಬೇಡವಾದರೆ ಬಾಲದಲ್ಲೇ ಮುಗಿಸಿ.

ಗಾದೆಗಳನ್ನು ಗಮನಿಸಿದ್ದೀರಾ? ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.’ ಎರಡು ಭಾಗಗಳ ನಡುವೆ ‘ಅದೇ ರೀತಿಯಲ್ಲಿ’ ಎಂದು ಯಾರೂ ಹೇಳಿಲ್ಲ. ಒಂದೇ ಅಚ್ಚಿನಲ್ಲಿ ಎರಡು ವಾಕ್ಯ ಎರಕ ಹೊಯ್ದಿದ್ದರಿಂದ ಹೋಲಿಕೆ ತಾನಾಗಿ ಕಾಣುತ್ತದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬಲ್ಲಿ ‘ಆದರೆ’ ಸೇರಿಸಿ ನೋಡಿ. ಮಾತು ಬೆಳ್ಳಿ, ಆದರೆ ಮೌನ ಬಂಗಾರ. ಅರ್ಥ ಅದೇ, ಗಾದೆ ಮಾತ್ರ ಸತ್ತುಹೋಯಿತು.

ಬಾಲದ ಕೊಂಡಿಗೆ ಎರಡು ಎಚ್ಚರಿಕೆಗಳಿವೆ. ‘ಮಾಡಿ’, ‘ಬಂದು’ ಥರದ ರೂಪ ಬಳಸಿದಾಗ ಎರಡೂ ಕೆಲಸ ಮಾಡಿದವರು ಸಾಮಾನ್ಯವಾಗಿ ಒಬ್ಬರೇ ಆಗಿರಬೇಕು. ‘ಅಣ್ಣ ಫೋನ್ ಮಾಡಿ ನಾನು ಹೊರಟೆ’ ಎಂದರೆ ಕಿವಿಗೆ ಚುಚ್ಚುತ್ತದೆ. ‘ಅಣ್ಣ ಫೋನ್ ಮಾಡಿದ ಮೇಲೆ ನಾನು ಹೊರಟೆ’ ಎನ್ನಬೇಕು. ‘ಮಳೆ ಬಂದು ಆಟ ನಿಂತಿತು’ ಎಂಬುದು ನಡೆಯುತ್ತದೆ. ಅಲ್ಲಿ ಮೊದಲನೆಯದರಿಂದ ಎರಡನೆಯದು ತಾನಾಗಿ ಆದದ್ದು, ಯಾರೂ ಬೇಕೆಂದು ಮಾಡಿದ್ದಲ್ಲ.

ಎರಡನೆಯ ಎಚ್ಚರಿಕೆ ಸರಪಳಿಯದು. ‘ಬೇಗ ಎದ್ದು, ಚೀಲ ತುಂಬಿಕೊಂಡು, ಬಾಗಿಲಿಗೆ ಬೀಗ ಹಾಕಿ, ನಿಲ್ದಾಣಕ್ಕೆ ಓಡಿ, ಅರ್ಧ ಗಂಟೆ ಕಾದು, ಬಸ್ಸು ಬಾರದೆ, ಆಟೋ ಹಿಡಿದು, ಕೊನೆಗೂ ತಲುಪಿದೆ.’ ವ್ಯಾಕರಣ ಸುಮಾರಾಗಿ ಸರಿಯಿದೆ, ಉಸಿರು ಮಾತ್ರ ಕಟ್ಟುತ್ತದೆ. ಮೂರು ಕೊಂಡಿ ದಾಟಿದ ಮೇಲೆ ಎಲ್ಲಾದರೂ ನಿಲ್ಲಿಸಿ. ‘ಬೇಗ ಎದ್ದು, ಚೀಲ ತುಂಬಿಕೊಂಡು ನಿಲ್ದಾಣಕ್ಕೆ ಓಡಿದೆ. ಅರ್ಧ ಗಂಟೆ ಕಾದೆ. ಬಸ್ಸಿಲ್ಲ. ಕೊನೆಗೆ ಆಟೋ ಹಿಡಿದು ತಲುಪಿದೆ.’ ಬೀಗ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

‘ಮತ್ತು’ವಿನ ಮಾತೂ ಇಲ್ಲೇ ಆಡಿಬಿಡೋಣ. ‘ಅವನು ಬಂದನು ಮತ್ತು ಕುರ್ಚಿಯಲ್ಲಿ ಕುಳಿತನು ಮತ್ತು ಪೇಪರ್ ತೆರೆದನು.’ ಯಾವ ಕನ್ನಡಿಗರೂ ಹೀಗೆ ಮಾತಾಡುವುದಿಲ್ಲ. ‘ಬಂದು ಕುರ್ಚಿಯಲ್ಲಿ ಕೂತು ಪೇಪರ್ ತೆರೆದ’ ಅಂತಾರೆ. ಹೆಸರುಗಳನ್ನು ಸೇರಿಸುವಾಗಲೂ ಅಷ್ಟೇ. ‘ಅಕ್ಕ ಮತ್ತು ತಮ್ಮ’ ಎನ್ನಬಹುದು, ‘ಅಕ್ಕನೂ ತಮ್ಮನೂ’ ಎನ್ನಬಹುದು, ಬರೀ ‘ಅಕ್ಕ ತಮ್ಮ’ ಎಂದರೂ ಸಾಕು. ‘ಊ’ ಬಳಸಿದರೆ ಎರಡೂ ಕಡೆ ಬರಬೇಕು, ಒಂದು ಕಡೆ ಹಾಕಿ ಇನ್ನೊಂದು ಕಡೆ ಮರೆತರೆ ಕುಂಟುತ್ತದೆ. ‘ಹಾಗೂ’ ನಿಜಕ್ಕೂ ಉಪಯೋಗಕ್ಕೆ ಬರುವುದು ಎರಡು ಹಂತದ ಗುಂಪು ಮಾಡುವಾಗ: ‘ಅಕ್ಕ ಮತ್ತು ಭಾವ ಹಾಗೂ ಅಣ್ಣ ಮತ್ತು ಅತ್ತಿಗೆ’. ಯಾರು ಯಾರ ಜೋಡಿ ಎಂಬುದು ಇದರಿಂದ ಗೊಂದಲವಿಲ್ಲದೆ ತಿಳಿಯುತ್ತದೆ.

ನಾಲ್ಕನೇ ಹೆಜ್ಜೆ: ಸರಿಯಾದ ತೂಕದ ಪದ ಆರಿಸಿ

ಬಾಲದಿಂದ ಕೆಲಸ ಆಗದ ಕಡೆ ಪದ ಬೇಕೇ ಬೇಕು. ಯಾವ ಪದ? ಒಂದೇ ಸಾಲಿನಲ್ಲಿ ನಿಲ್ಲುವ ಪದಗಳು ಒಂದರ ಬದಲಿಗೆ ಇನ್ನೊಂದು ಸಲ್ಲುತ್ತವೆ ಎಂದು ಪಟ್ಟಿಗಳು ಹೇಳುತ್ತವೆ. ಹಾಗೇನೂ ಇಲ್ಲ. ಬಿಡಿಸಿ ನೋಡಿದರೆ ನಮ್ಮ ಕೊಂಡಿ ಪದಗಳಲ್ಲಿ ಹೆಚ್ಚಿನವು ಆಗು, ಇರು, ಅಲ್ಲ, ಎನ್ನು ಎಂಬ ಪುಟ್ಟ ಪುಟ್ಟ ಪದಗಳಿಗೆ ಹಾಗೆ, ಹೀಗೆ, ಅದು, ಇದು ಸೇರಿ ಆದಂಥವು. ಹಾಗೆ ಆಗಿ, ಹಾಗಾಗಿ. ಹೀಗೆ ಇದ್ದರೂ, ಹೀಗಿದ್ದರೂ. ಹಾಗೆ ಅಂತ, ಹಾಗಂತ. ಪದ ಸರಿಯೋ ತಪ್ಪೋ ಎಂಬ ಅನುಮಾನ ಬಂದರೆ ಹೀಗೆ ಬಿಡಿಸಿ, ವಾಕ್ಯದಲ್ಲಿ ಇಟ್ಟು ಓದಿ. ಉತ್ತರ ಸಿಗುತ್ತದೆ.

‘ಆದರೆ’ ಮತ್ತು ‘ಆದರೂ’ ನಡುವೆ ಒಂದು ಸ್ವರದ ಅಂತರ. ‘ಆದರೆ’ ಸುಮ್ನೆ ಮಾತು ತಿರುಗಿಸುತ್ತದೆ. ‘ಆದರೂ’ ಬಂದರೆ, ಹಿಂದಿನ ವಾಕ್ಯ ಅಡ್ಡಗಟ್ಟಿ ನಿಂತಿತ್ತು, ಅದನ್ನು ದಾಟಿ ಇದು ನಡೆಯಿತು ಎಂದರ್ಥ. ‘ಅಣ್ಣ ಎತ್ತರ. ಆದರೆ ತಮ್ಮ ಕುಳ್ಳ’ ಸರಿ. ‘ಆದರೂ ತಮ್ಮ ಕುಳ್ಳ’ ಎಂದರೆ ಅಣ್ಣನ ಎತ್ತರ ತಮ್ಮನಿಗೆ ಬರಬೇಕಿತ್ತು ಎಂಬ ದೂರು ಕೇಳಿಸುತ್ತದೆ.

‘ಆದರೆ’ಗೆ ಇನ್ನೊಂದು ಗುಣವಿದೆ. ಅದರ ನಂತರ ಬಂದ ಮಾತೇ ಗೆಲ್ಲುತ್ತದೆ. ‘ಲೇಖನ ಚೆನ್ನಾಗಿದೆ, ಆದರೆ ಉದ್ದವಾಯಿತು’ ಎಂದರೆ ಬರೆದವರು ಮುಖ ಸಪ್ಪಗೆ ಮಾಡುತ್ತಾರೆ. ‘ಉದ್ದವಾಯಿತು, ಆದರೆ ಚೆನ್ನಾಗಿದೆ’ ಎಂದರೆ ನಗುತ್ತಾರೆ. ನಿಮ್ಮ ಕೊನೆಯ ಅಭಿಪ್ರಾಯ ಯಾವುದೋ ಅದನ್ನು ‘ಆದರೆ’ಯ ಆಚೆ ಇಡಿ. ‘ಆದಾಗ್ಯೂ’ ಎಂಬ ಪದವೂ ಇದೆ. ಕಚೇರಿ ಕಾಗದಗಳಲ್ಲಿ, ಅನುವಾದಗಳಲ್ಲಿ ಓಡಾಡುತ್ತಿರುತ್ತದೆ. ಯಾರಾದರೂ ಮಾತಿನಲ್ಲಿ ಅದನ್ನು ಬಳಸಿದ್ದು ನಾನಂತೂ ಕೇಳಿಲ್ಲ. ‘ಹಾಗಿದ್ದರೂ’ ಸಾಕು.

ನನಗೆ ತುಂಬಾ ಇಷ್ಟವಾದ ಕೊಂಡಿ ‘ಹಾಗಂತ’. ಓದುಗರು ನಿಮ್ಮ ಮಾತಿನಿಂದ ಒಂದು ಹೆಜ್ಜೆ ಮುಂದೆ ಹೋಗಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ ಎಂದು ಗೊತ್ತಾದಾಗ ಕೈ ಹಿಡಿದು ನಿಲ್ಲಿಸುವ ಪದ ಅದು. ‘ದಿನಾ ಒಂದು ಪುಟ ಬರೆದರೆ ಕೈ ಪಳಗುತ್ತದೆ. ಹಾಗಂತ ಬರೆದದ್ದನ್ನೆಲ್ಲ ಬೇರೆಯವರಿಗೆ ತೋರಿಸಬೇಕಿಲ್ಲ.’ ಇಲ್ಲಿ ‘ಆದರೆ’ ಹಾಕಿದರೂ ನಡೆಯುತ್ತಿತ್ತು. ಓದುಗರ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ನಿಮಗೆ ಗೊತ್ತಿದೆ ಎಂಬುದು ಮಾತ್ರ ‘ಹಾಗಂತ’ದಿಂದಲೇ ಕಾಣುವುದು.

ಇನ್ನು ಕಾರಣ ಹೇಳುವವು. ಕಾರಣ ಮೊದಲು, ಪರಿಣಾಮ ಆಮೇಲೆ ಬಂದರೆ ಹಾಗಾಗಿ, ಹೀಗಾಗಿ, ಆದ್ದರಿಂದ, ಅದಕ್ಕೇ. ಪರಿಣಾಮ ಮೊದಲು ಬಂದರೆ ಏಕೆಂದರೆ. ಕಥೆ ಹೇಳುವ ಹಾಗೆ ಸಾಗುವ ಬರಹಕ್ಕೆ ಮೊದಲ ದಾರಿ ಒಗ್ಗುತ್ತದೆ. ಓದುಗರನ್ನು ಮೊದಲು ಬೆಚ್ಚಿಸಿ ಆಮೇಲೆ ವಿವರಿಸಬೇಕೆಂದರೆ ಎರಡನೆಯದು. ‘ಆದ್ದರಿಂದ’ ತುಸು ಗಂಭೀರ, ಲೆಕ್ಕ ಬಿಡಿಸಿ ಉತ್ತರ ಬರೆದ ಹಾಗೆ. ‘ಅದಕ್ಕೇ’ ಎದುರಿಗೆ ಕೂತು ಹೇಳಿದ ಹಾಗೆ. ಒಂದೇ ಬರಹದಲ್ಲಿ ಎರಡೂ ಬರಬಾರದು ಅಂತೇನಿಲ್ಲ. ಪತ್ರದಲ್ಲಿ ಗೆಳತಿಗೆ ‘ಆದುದರಿಂದ’ ಎಂದು ಬರೆದರೆ ಮಾತ್ರ ಅವಳಿಗೆ ನೋಟಿಸು ಬಂದ ಹಾಗೆ ಅನಿಸಬಹುದು.

ಸೇರಿಸುವ ಪದಗಳಲ್ಲಿ ಜನ ಎಡವುವುದು ತೂಕದಲ್ಲಿ. ‘ಅಲ್ಲದೆ’ ಬಂದರೆ ಪಕ್ಕಕ್ಕೆ ಇನ್ನೊಂದು ಸೇರಿತು ಎಂದರ್ಥ. ‘ಮೇಲಾಗಿ’ ಬಂದರೆ ಮೊದಲನೆಯದಕ್ಕಿಂತ ಗಟ್ಟಿಯಾದದ್ದು ಬರಲಿದೆ ಎಂದು. ‘ಅಷ್ಟೇ ಅಲ್ಲ’ ಎಂದರಂತೂ ಓದುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ‘ಅವರು ಮೂರು ಭಾಷೆಗಳಲ್ಲಿ ಪುಸ್ತಕ ಬರೆದಿದ್ದಾರೆ. ಅಷ್ಟೇ ಅಲ್ಲ, ಅವರ ಅಕ್ಷರ ದುಂಡಗಿದೆ.’ ಹೀಗೆ ಬರೆದರೆ ಹೊಗಳಿದ್ದೋ ಗೇಲಿ ಮಾಡಿದ್ದೋ ಗೊತ್ತಾಗುವುದಿಲ್ಲ.

ಸಮಯದ ಪದಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಆಮೇಲೆ, ನಂತರ, ಬಳಿಕ, ಅಷ್ಟರಲ್ಲಿ, ಕೂಡಲೇ ಎಲ್ಲರಿಗೂ ಗೊತ್ತು. ‘ಕೊನೆಗೆ’ ಮತ್ತು ‘ಕೊನೆಗೂ’ ಮಾತ್ರ ಬೇರೆ ಬೇರೆ ಎಂಬುದು ನೆನಪಿರಲಿ. ‘ಕೊನೆಗೆ ರೈಲು ಬಂತು’ ಎಂದರೆ ಸರದಿಯಲ್ಲಿ ಕಡೆಯದಾಗಿ ಬಂತು. ‘ಕೊನೆಗೂ ರೈಲು ಬಂತು’ ಎಂದರೆ ಕಾದು ಕಾದು ಸಾಕಾಗಿತ್ತು. ‘ಅಂತೂ ಇಂತೂ ಬಂತು’ ಎಂದರೆ ಇನ್ನೂ ಜಾಸ್ತಿ ಸಾಕಾಗಿತ್ತು.

ಮಾತು ಬೇರೆ ದಿಕ್ಕಿಗೆ ಹೊರಳುವಾಗ ಬೇಕಾಗುವವೂ ಕೆಲವಿವೆ. ನೆನಪಾದ ಸಣ್ಣ ವಿಷಯಕ್ಕೆ ‘ಅಂದಹಾಗೆ’. ಎತ್ತಿದ ವಿಷಯವನ್ನು ಅಲ್ಲೇ ಬಿಡಲು ‘ಅದಿರಲಿ’. ವಾದದ ಬುಡಕ್ಕೆ ಹೋಗಲು ‘ಅಷ್ಟಕ್ಕೂ’. ಅರ್ಧ ಒಪ್ಪಿ ಅರ್ಧ ಬಿಡಲು ‘ಏನೇ ಇರಲಿ’. ಒಂದು ಲೇಖನದಲ್ಲಿ ಇವು ಒಂದೆರಡು ಸಲ ಬಂದರೆ ಎದುರಿಗೆ ಕೂತು ಮಾತಾಡಿದ ಹಾಗಿರುತ್ತದೆ. ನಾಲ್ಕೈದು ಸಲ ಬಂದರೆ ಬರೆದವರ ಗಮನ ಎಲ್ಲೆಲ್ಲೋ ಇತ್ತು ಅನಿಸುತ್ತದೆ.

ಒಂದಕ್ಕೆ ಒಂದು ಸಾಲದೆಂದು ಎರಡು ಕೊಂಡಿ ಹಾಕುವ ಅಭ್ಯಾಸವಿದ್ದರೆ ಈಗಲೇ ಬಿಡಿ. ‘ಆದರೂ ಕೂಡ ಸಹ’ ಎಂಬಲ್ಲಿ ಒಂದೇ ಕೆಲಸಕ್ಕೆ ಮೂರು ಆಳು. ‘ಏಕೆಂದರೆ ಮಳೆ ಬಂದ ಕಾರಣದಿಂದ’ ಎಂಬಲ್ಲಿ ಇಬ್ಬರು. ‘ಬಂದರೂ’ ಎಂದ ಮೇಲೆ ಮತ್ತೆ ‘ಆದರೆ’ ಬೇಕಿಲ್ಲ.

ಇದಕ್ಕೊಂದು ವಿನಾಯಿತಿ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಉದ್ದ ವಾಕ್ಯವಾದರೆ ‘ರೆ’ ಬರುತ್ತದೋ ‘ರೂ’ ಬರುತ್ತದೋ ತಿಳಿಯಲು ಓದುಗರು ಕೊನೆಯ ತನಕ ಕಾಯಬೇಕು. ಅಂಥ ಕಡೆ ‘ಒಂದು ವೇಳೆ’, ‘ಎಷ್ಟೇ’ ಥರದ ಪದ ಮುಂಚೆಯೇ ಸುಳಿವು ಕೊಡುತ್ತದೆ. ‘ಒಂದು ವೇಳೆ ನೀವು ಕಳಿಸಿದ ಅರ್ಜಿ ಒಂದು ತಿಂಗಳಾದರೂ ಅವರ ಕೈಗೆ ಸಿಗದೆ ಎಲ್ಲೋ ಉಳಿದುಹೋಗಿದ್ದರೆ’ ಎಂಬಲ್ಲಿ ಅದು ಉಪಕಾರಿ. ‘ಒಂದು ವೇಳೆ ಮಳೆ ಬಂದರೆ’ ಎಂಬಲ್ಲಿ ‘ರೆ’ ಎರಡು ಪದದ ಆಚೆಯೇ ಇದೆ, ಸುಳಿವಿನ ಅಗತ್ಯವಿಲ್ಲ.

ಐದನೇ ಹೆಜ್ಜೆ: ಕೊಂಡಿಯನ್ನು ಒಳಗೆ ಸರಿಸಿ ನೋಡಿ

ಕೊಂಡಿ ಪದ ವಾಕ್ಯದ ಮೊದಲಲ್ಲೇ ಇರಬೇಕೆಂಬ ನಿಯಮವಿಲ್ಲ. ಪ್ರತಿ ವಾಕ್ಯವೂ ‘ಆದರೆ’, ‘ಹಾಗಾಗಿ’, ‘ಅಲ್ಲದೆ’ ಎಂದೇ ಶುರುವಾದರೆ ಬರಹಕ್ಕೆ ಹಾಜರಿ ಕೂಗಿದ ಲಯ ಬರುತ್ತದೆ.

ಬೆಳಿಗ್ಗೆಯಿಂದ ಕಾದೆ. ಆದರೆ ಬಸ್ಸು ಬರಲಿಲ್ಲ.
ಬೆಳಿಗ್ಗೆಯಿಂದ ಕಾದೆ. ಬಸ್ಸು ಮಾತ್ರ ಬರಲಿಲ್ಲ.

ಎರಡನೆಯದರಲ್ಲಿ ‘ಮಾತ್ರ’ ಒಳಗೆ ಕೂತು ‘ಆದರೆ’ಯ ಕೆಲಸ ಮಾಡಿದೆ. ಜೊತೆಗೆ ದೂರು ಯಾವುದರ ಮೇಲೆ ಎಂಬುದನ್ನೂ ತೋರಿಸಿದೆ. ‘ಅಂತೂ’ ಕೂಡ ಹೀಗೆಯೇ. ‘ಎಲ್ಲರೂ ಹೊರಟರು. ನಾನಂತೂ ಹೋಗಲಿಲ್ಲ.’ ಪದದ ಬಾಲಕ್ಕೆ ಹತ್ತುವ ‘ಊ’, ‘ಏ’ ಕೂಡ ಕೊಂಡಿಗಳೇ. ‘ತಮ್ಮನೂ ಬಂದ’ ಎಂದರೆ ಯಾರೋ ಆಗಲೇ ಬಂದಿದ್ದಾರೆ ಎಂಬುದು ಅದರಲ್ಲೇ ಸೇರಿದೆ. ಹಿಂದಿನ ವಾಕ್ಯಕ್ಕೆ ಒಂದು ದಾರ ಕಟ್ಟಿದ ಹಾಗಾಯಿತು. ‘ಇದಲ್ಲದೆ ತಮ್ಮನು ಸಹ ಬಂದನು’ ಎಂದು ಎಳೆಯಬೇಕಿಲ್ಲ.

ಆರನೇ ಹೆಜ್ಜೆ: ‘ಇದು’ ಎಂದಾಗ ಬೆರಳು ಯಾವುದರ ಮೇಲಿದೆ?

ಅದು, ಇದು, ಆ, ಈ, ಅಲ್ಲಿ, ಇಂಥ. ಇವು ಕೊಂಡಿ ಪದಗಳ ಪಟ್ಟಿಯಲ್ಲಿ ಕಾಣಿಸುವುದು ಕಡಿಮೆ. ನಿಜವಾಗಿ ನೋಡಿದರೆ ಸರಾಗ ತರುವುದರಲ್ಲಿ ಇವುಗಳದೇ ದೊಡ್ಡ ಪಾಲು. ಹಿಂದಿನ ವಾಕ್ಯದ ಕೊನೆಯಲ್ಲಿ ಬಂದದ್ದನ್ನು ಹಿಡಿದುಕೊಂಡು ಮುಂದಿನದನ್ನು ಶುರು ಮಾಡಿ. ‘ಮನೆಯ ಹಿಂದೆ ಒಂದು ಬಾವಿ ಇತ್ತು. ಆ ಬಾವಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ಅಜ್ಜ ಕೂರುತ್ತಿದ್ದರು. ಅವರ ಪಕ್ಕದಲ್ಲಿ ಯಾವಾಗಲೂ ಒಂದು ರೇಡಿಯೊ.’ ಇಲ್ಲಿ ಆದರೆ, ಹಾಗೂ, ನಂತರ ಯಾವುದೂ ಇಲ್ಲ. ಬಾವಿಯಿಂದ ಕಟ್ಟೆಗೆ, ಕಟ್ಟೆಯಿಂದ ಅಜ್ಜನಿಗೆ, ಅಜ್ಜನಿಂದ ರೇಡಿಯೊಗೆ ಕಣ್ಣು ತಾನಾಗಿ ಹೋಯಿತು.

‘ಇದು’, ‘ಇದರಿಂದ’ ಬರೆದಾಗ ಬೆರಳು ಒಂದೇ ಕಡೆ ಇರಬೇಕು. ‘ಕಂಪ್ಯೂಟರ್ ಹಳೆಯದು, ನೆಟ್ ನಿಧಾನ, ಕರೆಂಟು ಹೋಗಿಬರುತ್ತದೆ. ಇದರಿಂದ ಕೆಲಸ ಮುಗಿಯಲಿಲ್ಲ.’ ಯಾವುದರಿಂದ? ಮೂರರಿಂದಲೂ ಎಂದಾದರೆ ‘ಇವೆಲ್ಲದರಿಂದ’ ಎನ್ನಿ. ಕರೆಂಟಿನಿಂದ ಎಂದಾದರೆ ಕರೆಂಟು ಎಂದೇ ಬರೆಯಿರಿ. ಪದ ಮರುಕಳಿಸಿತಲ್ಲ ಎಂದು ಹೆದರಬೇಡಿ. ಒಂದೇ ಪದ ಎರಡು ಸಲ ಬಂದರೆ ತಪ್ಪು ಎಂದು ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ಓದುಗರಿಗೆ ಬೇಸರ ಬರುವುದು ‘ಯಾವುದು’ ಎಂದು ಹಿಂದಕ್ಕೆ ಹೋಗಿ ಹುಡುಕಬೇಕಾದಾಗ.

ಏಳನೇ ಹೆಜ್ಜೆ: ಪ್ಯಾರಾದಿಂದ ಪ್ಯಾರಾಕ್ಕೆ

ಪ್ಯಾರಾಗಳ ನಡುವಿನ ಕೊಂಡಿ ಸ್ವಲ್ಪ ಅಗಲವಾಗಿರಬೇಕು. ಒಂದು ‘ಆದರೆ’ ಇಡೀ ಪ್ಯಾರಾದ ಭಾರ ಹೊರಲಾರದು. ಹಿಂದಿನ ಪ್ಯಾರಾದ ತಿರುಳನ್ನು ನಾಲ್ಕೈದು ಪದಗಳಲ್ಲಿ ಎತ್ತಿಕೊಂಡು ಹೊಸದಕ್ಕೆ ದಾಟಿ. ‘ಬಾಡಿಗೆ ಮನೆಯ ಅನುಕೂಲಗಳು ಇವಾದರೆ, ಸ್ವಂತ ಮನೆಯ ತಾಪತ್ರಯವೇ ಬೇರೆ.’ ಈ ‘ಇವಾದರೆ’ ಒಂದು ಒಳ್ಳೆಯ ಸೇತುವೆ. ಹಿಂದಿನ ಪ್ಯಾರಾದ ಕೊನೆಯಲ್ಲಿ ಒಂದು ಪ್ರಶ್ನೆ ಬಿಟ್ಟು, ಮುಂದಿನದರಲ್ಲಿ ಉತ್ತರದಿಂದಲೇ ಶುರು ಮಾಡುವುದೂ ಒಂದು ದಾರಿ. ಪ್ರತಿ ಸಲ ಮಾಡಿದರೆ ಗಿಮಿಕ್ ಅನಿಸುತ್ತದೆ, ಅಲ್ವಾ?

ನನಗೆ ಆಗದ ಕೆಲವು ಪ್ಯಾರಾ ಕೊಂಡಿಗಳಿವೆ. ‘ಇನ್ನು … ಬಗ್ಗೆ ಹೇಳುವುದಾದರೆ’ ಅವುಗಳಲ್ಲಿ ಒಂದು. ಹೇಳುವುದಾದರೆ ಏನು, ಹೇಳಲೆಂದೇ ಕೂತಿದ್ದೀರಲ್ಲ! ‘ಇನ್ನು’ ಒಂದೇ ಸಾಕು. ಅದೂ ನಿಜಕ್ಕೂ ಹೊಸ ವಿಷಯಕ್ಕೆ ಹೋಗುವಾಗ ಮಾತ್ರ. ಸುದ್ದಿ ಓದುವವರ ಬಾಯಲ್ಲಿ ಪ್ರತಿ ಮೂರನೇ ವಾಕ್ಯಕ್ಕೂ ‘ಇನ್ನು’ ಬಂದು ಬಂದು ಅದರ ಬೆಲೆಯೇ ಇಳಿದಿದೆ. ‘ಈ ಹಿನ್ನೆಲೆಯಲ್ಲಿ’ ಇನ್ನೊಂದು. ಹಿನ್ನೆಲೆ ಯಾವುದು ಎಂದು ಕೇಳಿದರೆ ಬರೆದವರಿಗೂ ಗೊತ್ತಿರುವುದಿಲ್ಲ. ‘ಒಟ್ಟಾರೆಯಾಗಿ ಹೇಳುವುದಾದರೆ’ ಶಾಲೆಯ ಪ್ರಬಂಧದಿಂದ ನಮ್ಮ ಜೊತೆಗೇ ಬಂದದ್ದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಬರೆದು ಅಂಕ ಗಳಿಸಿದ ಕೈ ಇನ್ನೂ ಅದನ್ನು ಬಿಟ್ಟಿಲ್ಲ.

ಎಂಟನೇ ಹೆಜ್ಜೆ: ಜೋರಾಗಿ ಓದಿ, ಹೊಡೆದುಹಾಕಿ

ತಿದ್ದಿದ ಬರಹವನ್ನು ಒಂದು ದಿನ ಬಿಟ್ಟು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಕಣ್ಣು ಕೊಂಡಿ ಪದಗಳನ್ನು ಹಾರಿಸಿಕೊಂಡು ಹೋಗುತ್ತದೆ. ನಾಲಿಗೆಗೆ ಹಾಗೆ ಹಾರಲು ಆಗುವುದಿಲ್ಲ. ಎಲ್ಲಿ ನಾಲಿಗೆ ತೊಡರಿತೋ ಅಲ್ಲಿ ಗುರುತು ಹಾಕಿ. ಆಮೇಲೆ ಪ್ರತಿ ಕೊಂಡಿಯನ್ನು ಬೆರಳಿನಿಂದ ಮುಚ್ಚಿ ಅದೇ ಸಾಲನ್ನು ಓದಿ. ಅರ್ಥ ಹಾಗೇ ಉಳಿದರೆ ಆ ಪದ ಬೇಡ. ಅರ್ಥ ಅಲುಗಾಡಿದರೆ ಇರಲಿ. ಈ ಪರೀಕ್ಷೆ ಬರೀ ಎರಡು ನಿಮಿಷದ್ದು, ಬೇರೆಲ್ಲ ಹೆಜ್ಜೆ ಮರೆತರೂ ಇದೊಂದನ್ನು ಮಾಡಿ.

ಮಾಡಿ ತೋರಿಸುತ್ತೇನೆ. ಇದು ಕರಡು:

‘ನಾನು ಕಳೆದ ವರ್ಷ ಸೈಕಲ್ ಓಡಿಸಲು ಕಲಿತೆನು. ಏಕೆಂದರೆ ನನಗೆ ಆಫೀಸು ಹತ್ತಿರವಿದೆ. ಮತ್ತು ವ್ಯಾಯಾಮ ಕೂಡ ಆಗುತ್ತದೆ. ಆದರೆ ಮೊದಲು ನಾನು ತುಂಬಾ ಸಲ ಬಿದ್ದೆನು. ಆದರೆ ನಾನು ಬಿಡಲಿಲ್ಲ. ನಂತರ ಒಂದು ತಿಂಗಳಲ್ಲಿ ನನಗೆ ಸಮತೋಲನ ಸಿಕ್ಕಿತು. ಹಾಗೂ ಈಗ ನಾನು ದಿನಾ ಸೈಕಲ್‌ನಲ್ಲಿ ಹೋಗುತ್ತೇನೆ. ಆದ್ದರಿಂದ ಮಳೆ ಬಂದರೆ ಬಸ್ಸು ಹಿಡಿಯುತ್ತೇನೆ. ಒಟ್ಟಿನಲ್ಲಿ ಸೈಕಲ್ ಒಳ್ಳೆಯದು.’

ಒಂಬತ್ತು ವಾಕ್ಯ, ಎಂಟು ಕೊಂಡಿ. ಹಾಗಿದ್ದರೂ ಹಳ್ಳ ದಿಣ್ಣೆಯ ರಸ್ತೆಯ ಹಾಗೆ ಕುಲುಕುತ್ತದೆ. ತಿದ್ದಿದ ಮೇಲೆ:

‘ಕಳೆದ ವರ್ಷ ಸೈಕಲ್ ಓಡಿಸಲು ಕಲಿತೆ. ಆಫೀಸು ಹತ್ತಿರ, ಮೇಲಾಗಿ ವ್ಯಾಯಾಮವೂ ಆಗುತ್ತದೆ. ಮೊದಮೊದಲು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಆದರೂ ಬಿಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸಮತೋಲನ ಸಿಕ್ಕಿತು. ಈಗ ದಿನಾ ಸೈಕಲ್ಲೇ. ಮಳೆ ಬಂದ ದಿನ ಮಾತ್ರ ಬಸ್ಸು.’

‘ಏಕೆಂದರೆ’ ಹೋಯಿತು. ಕಲಿತೆ ಎಂದ ತಕ್ಷಣ ಓದುಗರು ಯಾಕೆ ಅಂದುಕೊಂಡಿರುತ್ತಾರೆ, ಮುಂದಿನ ವಾಕ್ಯವೇ ಉತ್ತರ. ಎರಡು ‘ಆದರೆ’ಗಳಲ್ಲಿ ಮೊದಲನೆಯದಕ್ಕೆ ಕೆಲಸವಿರಲಿಲ್ಲ. ಎರಡನೆಯದು ನಿಜಕ್ಕೂ ‘ಆದರೂ’ ಆಗಬೇಕಿತ್ತು, ಬೀಳುವುದು ಅಡ್ಡಗಟ್ಟಿದ್ದರಿಂದ. ‘ನಂತರ’ದ ಕೆಲಸವನ್ನು ‘ಕಳೆಯುವಷ್ಟರಲ್ಲಿ’ ಎಂಬ ಬಾಲ ಮಾಡಿತು. ‘ಆದ್ದರಿಂದ’ ಸುಳ್ಳು ಹೇಳುತ್ತಿತ್ತು. ದಿನಾ ಸೈಕಲ್ಲಿನಲ್ಲಿ ಹೋಗುವುದು ಬಸ್ಸು ಹಿಡಿಯಲು ಕಾರಣವಲ್ಲ. ಅಲ್ಲಿ ಬೇಕಿದ್ದದ್ದು ‘ಮಾತ್ರ’. ಎಂಟು ಕೊಂಡಿಗಳ ಜಾಗದಲ್ಲಿ ಕೊನೆಗೆ ಉಳಿದದ್ದು ಮೂರು: ಮೇಲಾಗಿ, ಆದರೂ, ಮಾತ್ರ. ‘ನಾನು’ ಕೂಡ ಎಲ್ಲ ಕಡೆ ಬಿದ್ದುಹೋಯಿತು, ಕ್ರಿಯಾಪದದಲ್ಲೇ ಅದು ಇದೆಯಲ್ಲ.

ಇನ್ನು ‘ಒಟ್ಟಿನಲ್ಲಿ ಸೈಕಲ್ ಒಳ್ಳೆಯದು’. ಅದನ್ನು ತೆಗೆದುಹಾಕಿದ ಮೇಲೆ ಈ ಪ್ಯಾರಾವನ್ನು ನಾಲ್ಕು ಜನಕ್ಕೆ ಓದಿ ಹೇಳಿದೆ. ಅದೆಲ್ಲಿ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ.